ಮನೆಯ ಮೂಲೆಯಿಂದ ಜಾತ್ರೆಯ ವೇದಿಕೆಗೆ: ಗಿಟಾರ್ ಕಲಿಕೆಯೂ ಸಭಾಧೈರ್ಯವೂ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಪೇಟೆಯಾಗಿ ಬೆಳೆದು, ರೈಸ್‌ಮಿಲ್ಲುಗಳ ಸದ್ದಿಗೂ ಹೊಟ್ಟಿನ ಧೂಳಿಗೂ ಹೆಸರಾದ ಕಾರಟಗಿಯಂಥ ಊರಿನಲ್ಲಿ, ಅಡತಿ ಅಂಗಡಿಯ ಲೆಕ್ಕವನ್ನು ಮುಗಿಸಿ ಬಂದ ಗುಮಾಸ್ತನೊಬ್ಬನು ಸಂಜೆಯ ಹೊತ್ತಿನಲ್ಲಿ ಗಿಟಾರೊಂದನ್ನು ತೊಡೆಯ ಮೇಲೇರಿಸಿಕೊಂಡು ಕುಳಿತನೆಂದರೆ, ಮನೆಯವರೂ ನೆರೆಯವರೂ ಅವನನ್ನು ಕೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಎಲ್ಲೆರ ಪ್ರೋಗ್ರಾಂ ಕೊಡ್ತಿಯೇನಪಾ?’ ಕೊಡುವುದಿಲ್ಲವೆಂದರೆ ಹಾಗಾದರೆ ಈ ಶ್ರಮವೇಕೆಂಬ ಆಶ್ಚರ್ಯ. ಕೊಡುತ್ತೇನೆಂದರೆ ಅದಕ್ಕೆ ತಕ್ಕ ಎದೆಗಾರಿಕೆ ನಿನ್ನಲ್ಲುಂಟೇ ಎಂಬ ಸಂಶಯ. ಸ್ವಂತ ಸಂತೋಷಕ್ಕೆಂದು ಕಲಿತ ವಿದ್ಯೆಯು ನಾಲ್ವರ ಮುಂದೆ ಬರಲೇಬೇಕೆ, ಬರಬೇಕಾದರೆ ಆ ಧೈರ್ಯವು ಹುಟ್ಟುವುದೆಲ್ಲಿ ಎಂಬ ಈ ಪ್ರಶ್ನೆಯು ಗಿಟಾರಿನೊಡನೆ ನಮ್ಮಲ್ಲಿಗೆ ಬಂದುದಲ್ಲ. ಬಹಳ ಹಿಂದಿನಿಂದಲೂ ವಾದ್ಯ ಹಿಡಿದವರನ್ನೂ ಕಲಿಸಿದವರನ್ನೂ ಕಾಡುತ್ತ ಬಂದಿದೆ, ಮತ್ತು ಅದಕ್ಕೆ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಮೆಟ್ಟುಗಳ ಪೂರ್ವಚರಿತ್ರೆ

ಗಿಟಾರನ್ನು ವಿದೇಶೀಯವೆಂದು ದೂರವಿಡುವವರು ಮೊದಲು ತಮ್ಮ ಸೀಮೆಯ ಚರಿತ್ರೆಯನ್ನೇ ನೋಡಬೇಕು. ಕಾರಟಗಿಯಿಂದ ಗಂಗಾವತಿಯ ದಾರಿ ಹಿಡಿದು ಆನೆಗೊಂದಿಗೆ ಹೋಗಿ ನಿಂತರೆ ಹೊಳೆಯ ಆಚೆಯ ದಡವೇ ವಿಜಯನಗರದ ರಾಜಧಾನಿ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಮೆಟ್ಟುಗಳುಳ್ಳ ಕಿನ್ನರಿಯೆಂಬ ವೀಣೆಯನ್ನು ವರ್ಣಿಸಿದನು. ಆ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ಹದಿನೈದನೆಯ ಶತಮಾನದಲ್ಲಿ ಈ ವಿಜಯನಗರದಲ್ಲಿಯೇ ಇದ್ದವನು. ಅಳಿಯ ರಾಮರಾಯನ ಅಪೇಕ್ಷೆಯಂತೆ 1550ರಲ್ಲಿ ಸ್ವರಮೇಲಕಲಾನಿಧಿಯನ್ನು ರಚಿಸಿದ ರಾಮಾಮಾತ್ಯನು, ವೀಣೆಯ ತಂತಿ ನಾಲ್ಕಾದರೂ ಎಲ್ಲಕ್ಕೂ ಸಲ್ಲುವ ಮೆಟ್ಟನ್ನು ಎಲ್ಲೆಲ್ಲಿ ಕೂರಿಸಬೇಕೆಂಬುದನ್ನು ಅದರಲ್ಲಿ ಚರ್ಚಿಸಿದನು. ಗಿಟಾರಿನ ಕತ್ತಿನ ಮೇಲೆ ಹನ್ನೆರಡು ಮೆಟ್ಟಿಗೆ ಒಂದು ಸ್ಥಾಯಿ ಮುಗಿಯುವುದನ್ನು ಕಂಡು ಬೆರಗಾಗುವ ಹುಡುಗನು, ಇದೇ ಬಗೆಯ ಲೆಕ್ಕಾಚಾರವನ್ನು ತನ್ನ ಊರಿನಿಂದ ಒಂದು ಬಸ್ಸಿನ ದೂರದಲ್ಲಿ ನಾನ್ನೂರ ಎಪ್ಪತ್ತು ವರ್ಷಗಳಿಗೂ ಹಿಂದೆ ಒಬ್ಬ ಮಂತ್ರಿಯು ಮಾಡಿಟ್ಟಿದ್ದನೆಂಬುದನ್ನು ತಿಳಿದಿರುವುದಿಲ್ಲ, ತಿಳಿಸುವವರೂ ಕಡಿಮೆ.

ಆ ರಾಜಧಾನಿಯಾದ ಹಂಪೆಯಲ್ಲಿಯೇ ಬಾಳಿ 1564ರಲ್ಲಿ ತೀರಿಕೊಂಡ ಪುರಂದರದಾಸರಿಗೆ ನಮ್ಮ ಪ್ರಶ್ನೆಯ ಎರಡು ಕೊನೆಗಳೂ ಗೊತ್ತಿದ್ದುವು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರಗಳೆಂದು ಬಾಲಪಾಠವನ್ನು ಕ್ರಮಗೊಳಿಸಿದವರು ಅವರೆಂದು ಸಂಪ್ರದಾಯವು ಹೇಳುತ್ತದೆ. ತಂಬೂರಿ ಮೀಟುತ್ತ ಬೀದಿಯಲ್ಲಿ ಹಾಡಿಕೊಂಡು ಹೋದವರೂ ಅವರೇ. ಮನೆಯ ಮೂಲೆಯ ಅಭ್ಯಾಸವೂ ಬೀದಿಯ ಗಾನವೂ ಒಬ್ಬನಲ್ಲಿಯೇ ಕೂಡಿದ್ದುದರಿಂದಲೋ ಏನೋ, ಇವೆರಡರ ನಡುವೆ ಒಂದು ಕಂದಕವಿದೆಯೆಂಬ ಭಾವನೆ ದಾಸಸಾಹಿತ್ಯದಲ್ಲಿ ಕಾಣುವುದಿಲ್ಲ.

ಗಿಟಾರಿನ ಸ್ವಂತ ಚರಿತ್ರೆಯಲ್ಲಾದರೋ ಆ ಕಂದಕವು ಸ್ಪಷ್ಟವಾಗಿದೆ. ಸ್ಪೇನಿನ ಆಂತೋನಿಯೊ ದೆ ತೋರೆಸ್ (1817–1892) ಇಂದಿನ ಗಿಟಾರಿನ ಅಳತೆಯನ್ನೂ ಒಡಲನ್ನೂ ಗೊತ್ತುಮಾಡಿದ ಮೇಲೂ ಅದು ಬಹುಮಟ್ಟಿಗೆ ಮನೆಯ ಹಜಾರದ ಮತ್ತು ಪಾನಗೃಹದ ವಾದ್ಯವಾಗಿಯೇ ಉಳಿದಿತ್ತು. ದೊಡ್ಡ ಸಭೆಗೆ ಇದರ ದನಿ ಸಾಲದೆಂಬ ಆಕ್ಷೇಪವನ್ನು ಎದುರಿಸಿ ಅದನ್ನು ಸಭಾವಾದ್ಯವನ್ನಾಗಿ ಮಾಡಲು, ಬಹುಪಾಲು ತಾನೇ ಕಲಿತುಕೊಂಡ ಆಂದ್ರೇಸ್ ಸೆಗೋವಿಯಾ (1893–1987) ತನ್ನ ದೀರ್ಘ ಆಯುಷ್ಯವನ್ನೇ ವ್ಯಯಮಾಡಬೇಕಾಯಿತು. ಭಾರತಕ್ಕೆ ಇದು ಬೇರೊಂದು ವೇಷದಲ್ಲಿ ಬಂದು ಮನ್ನಣೆಯನ್ನು ಪಡೆಯಿತು. ಹವಾಯಿ ದ್ವೀಪದ ರೀತಿಯಲ್ಲಿ ಮಡಿಲಲ್ಲಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಗಿಟಾರನ್ನು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲಸಿದ್ದ ವಾದಕ ತಾವ್ ಮೋ ಜನಪ್ರಿಯಗೊಳಿಸಿದನು. ಬ್ರಿಜ್‌ಭೂಷಣ ಕಾಬ್ರಾ ಅದರಲ್ಲಿ ರಾಗಾಲಾಪವನ್ನು ಸಾಧಿಸಿ, 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಇವರೊಡನೆ ನುಡಿಸಿದರು. ವಿಶ್ವಮೋಹನ ಭಟ್ಟರು ಅದನ್ನೇ ಮೋಹನವೀಣೆಯಾಗಿ ಮಾರ್ಪಡಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಗಳಿಸಿದರು. ಆದರೆ ಒಂದು ಮಾತನ್ನು ಮರೆಯಲಾಗದು. ಹಿಂದೂಸ್ತಾನೀ ಸಭೆಯಲ್ಲಿ ಆಸನವನ್ನು ಪಡೆದ ಗಿಟಾರು ಮೆಟ್ಟುಗಳ ಹಂಗನ್ನು ಕಳಚಿಕೊಂಡ ಗಿಟಾರು; ನಮ್ಮ ಹುಡುಗರು ಗಂಗಾವತಿಯಲ್ಲೋ ಹುಬ್ಬಳ್ಳಿಯಲ್ಲೋ ಕೊಂಡು ತರುವುದು ಮೆಟ್ಟಿನ ಮೇಲೆ ಬೆರಳನ್ನೊತ್ತಿ ನುಡಿಸುವ ಗಿಟಾರು. ಮೊದಲನೆಯದರ ಕೀರ್ತಿಯು ಎರಡನೆಯದರ ನೆರವಿಗೆ ಬರುವುದಿಲ್ಲ.

ಕನ್ನಡಿಗರ ಕಿವಿಗೆ ಈ ಎರಡನೆಯ ಗಿಟಾರು ತಲುಪಿದ್ದು ಸಿನಿಮಾದ ವಾದ್ಯಮೇಳದ ಮೂಲಕ. ಜಿ. ಕೆ. ವೆಂಕಟೇಶರ ಮೇಳದಲ್ಲಿ ಗಿಟಾರ್ ನುಡಿಸುತ್ತ ಅವರ ಸಹಾಯಕರಾಗಿದ್ದ ಇಳಯರಾಜರು ಸಂಗೀತವಿತ್ತ ‘ಗೀತಾ’ (1981) ಚಿತ್ರದಲ್ಲಿ ಶಂಕರ್ ನಾಗ್ ಗಿಟಾರ್ ಹಿಡಿದು ನಿಂತ ಮೇಲೆ, ಈ ವಾದ್ಯವು ಹಳ್ಳಿಯ ಟೆಂಟ್ ಟಾಕೀಸಿನ ನೆಲದ ಮೇಲೆ ಕುಳಿತವರಿಗೂ ನೆಂಟನಾಯಿತು. ಭರತನಾಟ್ಯ ಕಲಿತಿದ್ದ ಮೈಸೂರಿನ ವಿದ್ಯಾರ್ಥಿಯೊಬ್ಬನು ಸಹಪಾಠಿಯ ಸವಾಲಿಗೆ ಕಟ್ಟುಬಿದ್ದು ತಾನೇ ಗಿಟಾರ್ ಕಲಿತು, ಶಿಶುನಾಳ ಷರೀಫರ ಪದಗಳನ್ನು ಅದರೊಡನೆ ಹಾಡಿ ಲೋಕವನ್ನೆಲ್ಲ ಸುತ್ತಿದ ಕಥೆ, ಎಂದರೆ ರಘು ದೀಕ್ಷಿತರ ಕಥೆ, ಈ ಕಾಲದ ಯುವಕರಿಗೆ ಹೇಳಿಕೊಡಬೇಕಾದದ್ದಲ್ಲ.

ಸಾಧನೆಯೇ ಧೈರ್ಯವೆಂಬ ಪಕ್ಷ

ಎಲ್ಲಕ್ಕೂ ಹಳೆಯದಾದ ಪಕ್ಷವು ಹೇಳುವುದು ಇಷ್ಟು: ಕೈ ಪಳಗದೆ ಸಭೆಗೆ ಹೋಗಬೇಡ; ಕೈ ಪಳಗಿದ ಮೇಲೆ ಭಯಕ್ಕೆ ಸ್ಥಳವೇ ಇಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ (1892–1944) ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010) ನಡೆಸಿಕೊಂಡು ಬಂದ ಶಿಕ್ಷಣದ ಆಧಾರವು ಇದೇ. ನಮ್ಮ ಭಾಗದ ಹಳ್ಳಿಹಳ್ಳಿಯ ಪೇಟಿ (ಹಾರ್ಮೋನಿಯಂ) ಮಾಸ್ತರನ್ನೋ ತಬಲಾದವರನ್ನೋ ವಿಚಾರಿಸಿದರೆ, ಅವರ ಗುರುವಿನ ಅಥವಾ ಗುರುವಿನ ಗುರುವಿನ ಜಾಡು ಮರಳಿ ಮರಳಿ ಈ ಆಶ್ರಮದ ಬಾಗಿಲಿಗೆ ಹೋಗಿ ಮುಟ್ಟುವುದುಂಟು. ಸಭೆಯ ಕಣ್ಣುಗಳೇ ಭಯಕ್ಕೆಲ್ಲ ಮೂಲವೆಂದು ಬರೆಯುವ ಪಂಡಿತರು ಅಲ್ಲಿಯ ಅಂಧ ಗಾಯಕರನ್ನೊಮ್ಮೆ ಮಾತನಾಡಿಸಿದ್ದರೆ ಚೆನ್ನಾಗಿತ್ತು.

ಈ ಪಕ್ಷಕ್ಕೆ ಆಧುನಿಕ ಮನೋವಿಜ್ಞಾನವೂ ಒಂದು ವಿಚಿತ್ರವಾದ ಸಾಕ್ಷ್ಯವನ್ನು ಒದಗಿಸಿದೆ. ಇತರರ ಸಾನ್ನಿಧ್ಯವು ಚೆನ್ನಾಗಿ ಬಲ್ಲ ಕೆಲಸವನ್ನು ಇನ್ನೂ ಚುರುಕುಗೊಳಿಸುತ್ತದೆ, ಅರೆಬರೆ ಬಲ್ಲ ಕೆಲಸವನ್ನು ಕೆಡಿಸುತ್ತದೆ ಎಂದು ರಾಬರ್ಟ್ ಝಾಯನ್ಸ್ 1965ರಲ್ಲಿ ವಾದಿಸಿ, 1969ರಲ್ಲಿ ಅದನ್ನು ಜಿರಲೆಗಳ ಮೇಲೆಯೇ ಪರೀಕ್ಷಿಸಿ ತೋರಿಸಿದನು: ನೇರವಾದ ಓಣಿಯಲ್ಲಿ ಇತರ ಜಿರಲೆಗಳು ನೋಡುತ್ತಿರುವಾಗ ಜಿರಲೆಯು ಬೇಗ ಓಡಿತು, ತಿರುವಿರುವ ಓಣಿಯಲ್ಲಿ ತಡಮಾಡಿತು. ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತ ಎರಿಕ್ಸನ್ ಮತ್ತು ಸಂಗಡಿಗರ 1993ರ ಅಧ್ಯಯನವೂ ಉತ್ತಮ ವಾದಕರ ಹಿಂದೆ ಸಾವಿರಾರು ಗಂಟೆಗಳ ಏಕಾಂತಾಭ್ಯಾಸವಿದ್ದುದನ್ನು ತೋರಿಸಿತು. 2014ರಲ್ಲಿ ಮ್ಯಾಕ್ನಮಾರ ಮತ್ತಿತರರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಾತ್ರ, ಸಂಗೀತದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಶೇಕಡಾ 21ರಷ್ಟನ್ನೇ ಅಭ್ಯಾಸವು ವಿವರಿಸೀತೆಂದು ಕಂಡಿತು.

ಆಕ್ಷೇಪವು ಬೇರೆಯ ಕಡೆಯಿಂದ ಬರುತ್ತದೆ. ಆಶ್ರಮದ ಬಾಲಕನಿಗೆ ಹನ್ನೆರಡು ವರ್ಷಗಳ ಅವಕಾಶವಿದ್ದಿತು. ಹಂಗಾಮಿನಲ್ಲಿ ಲಾರಿ ತುಂಬಿಸಿ ರಾತ್ರಿ ಮನೆಗೆ ಬರುವ ನಲವತ್ತರ ಗೃಹಸ್ಥನಿಗೆ ಅದಿಲ್ಲ. ಪೂರ್ಣ ಸಿದ್ಧಿಯಾದ ಮೇಲೆಯೇ ಸಭೆ ಎಂಬ ನಿಯಮವನ್ನು ಅವನಿಗೆ ವಿಧಿಸಿದರೆ, ಸಭೆಗೆ ಬಾರದಿರಲು ಅವನಿಗೊಂದು ಗೌರವಾನ್ವಿತವಾದ ನೆಪವನ್ನು ಕೊಟ್ಟಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ರಂಗವೇ ಗುರುವೆಂಬ ಪಕ್ಷ

ಇದಕ್ಕೆ ನೇರ ಪ್ರತಿಪಕ್ಷವು ಕಂಪನಿ ನಾಟಕದವರದು. ಮಲ್ಲಿಕಾರ್ಜುನ ಮನ್ಸೂರರು ಗುರುವಿನ ಮನೆಗೆ ಹೋಗುವುದಕ್ಕೆ ಮುಂಚೆಯೇ ನಾಟಕ ಕಂಪನಿಯ ರಂಗದ ಮೇಲಿದ್ದವರು. ಅಲ್ಲಿ ಅವರ ಹಾಡನ್ನು ಕೇಳಿದ ನೀಲಕಂಠಬುವಾ ಆಲೂರಮಠರು ಅವರನ್ನು ಶಿಷ್ಯರನ್ನಾಗಿ ತೆಗೆದುಕೊಂಡರು. ಎಂದರೆ ಸಭೆ ಮೊದಲಾಯಿತು, ವಿದ್ಯೆ ಆಮೇಲೆ ಬಂದಿತು. ಸಾಧನೆಯ ಪಕ್ಷದ ಕೋಟೆಯಾದ ಪುಣ್ಯಾಶ್ರಮವೇ ತನ್ನ ನಿರ್ವಾಹಕ್ಕಾಗಿ ನಾಟಕ ಸಂಘವನ್ನು ಕಟ್ಟಿ ಊರೂರು ತಿರುಗಿತೆಂಬುದನ್ನು ನೆನೆದರೆ, ಈ ಎರಡು ಪಕ್ಷಗಳ ಜಗಳವು ಪುಸ್ತಕದಲ್ಲಿ ಇದ್ದಷ್ಟು ಊರಿನಲ್ಲಿ ಇರಲಿಲ್ಲವೆಂದು ತೋರುತ್ತದೆ. ಇಂದು ಕೊಪ್ಪಳದ ಗವಿಮಠದ ಜಾತ್ರೆಯಲ್ಲಾಗಲಿ, ಆನೆಗೊಂದಿ ಉತ್ಸವದಲ್ಲಾಗಲಿ, ಸಣ್ಣ ಹಳ್ಳಿಗಳ ತೇರಿನ ರಾತ್ರಿಯ ರಸಮಂಜರಿಯಲ್ಲಾಗಲಿ ಧೈರ್ಯವಾಗಿ ಮೈಕು ಹಿಡಿಯುವವರನೇಕರು ಇದೇ ಮಾರ್ಗದಲ್ಲಿ ಬೆಳೆದವರು. ಈ ಪಕ್ಷವು ಧೈರ್ಯವನ್ನು ವಿವರಿಸುತ್ತದೆ, ಅಧೈರ್ಯವನ್ನು ವಿವರಿಸಲಾರದು. ಮೊದಲ ರಾತ್ರಿಯೇ ಸಿಳ್ಳಿನ ಸುರಿಮಳೆಯಾಗಿ ಇಳಿದುಹೋದವನು ಮತ್ತೆ ವಾದ್ಯವನ್ನು ಮುಟ್ಟಿದನೋ ಇಲ್ಲವೋ ಎಂಬುದನ್ನು ಯಾರೂ ಬರೆದಿಡಲಿಲ್ಲ.

ಭಜನೆಯ ಮನೆ

ಮೂರನೆಯದಕ್ಕೆ ಪಕ್ಷವೆಂಬ ಹೆಸರನ್ನು ಯಾರೂ ಕೊಟ್ಟಿಲ್ಲ. ಗ್ರಂಥಗಳಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಆದರೂ ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನದನ್ನು ವಿವರಿಸುವುದು ಇದೇ. ಹನುಮಪ್ಪನ ಗುಡಿಯಲ್ಲಿ ಶನಿವಾರದ ರಾತ್ರಿಯೋ, ಶ್ರಾವಣದ ಸೋಮವಾರವೋ ಭಜನೆಗೆ ಕುಳಿತವರನ್ನು ಹತ್ತಿರದಿಂದ ನೋಡಬೇಕು. ಎಲ್ಲರೂ ದುಂಡಗೆ ಕುಳಿತಿರುತ್ತಾರೆ. ಎದುರಿಗೆ ಕುಳಿತು ಕೇಳುವವರೆಂಬ ಬೇರೊಂದು ವರ್ಗವೇ ಇಲ್ಲ. ಹೊಸದಾಗಿ ಬಂದ ಹುಡುಗನ ಕೈಗೆ ಮೊದಲು ಒಂದು ಜೊತೆ ತಾಳ ಬರುತ್ತದೆ. ಅವನು ತಪ್ಪಿದರೆ ಪಕ್ಕದವನ ತಾಳವು ಅವನನ್ನು ತಿದ್ದುತ್ತದೆ, ಬಾಯಿ ಬಿಟ್ಟು ಯಾರೂ ಏನನ್ನೂ ಅನ್ನುವುದಿಲ್ಲ. ಕೆಲವು ಕಾಲದ ಮೇಲೆ ದಮ್ಮಡಿ. ಪೇಟಿಯವನು ಬಾರದ ಒಂದು ರಾತ್ರಿ ಪೇಟಿಯ ಮುಂದೆ ಕುಳಿತು ಬರೀ ಸುರ ಹಿಡಿಯುವ ಕೆಲಸ. ಅನಂತರ ಹಾಡು ಹೇಳುವ ಸರದಿ. ಈ ಪಾಳಿಯು ಸುತ್ತಿ ತನ್ನಲ್ಲಿಗೆ ಬಂದಾಗ ಅವನು ಹಾಡಿಬಿಡುತ್ತಾನೆ. ತಾನು ‘ಕಾರ್ಯಕ್ರಮ ಕೊಟ್ಟೆ’ನೆಂಬ ಅರಿವು ಅವನಿಗೂ ಇರುವುದಿಲ್ಲ, ಕೇಳಿದವರಿಗೂ ಇರುವುದಿಲ್ಲ. ಹೀಗೆ ಬೆಳೆದವನು ಜಾತ್ರೆಯ ವೇದಿಕೆಯನ್ನು ಏರಿದಾಗ ಅವನಿಗೆ ಹೊಸದೆನಿಸುವುದು ದೀಪದ ಬೆಳಕು ಮಾತ್ರ.

ಇದರ ಮರ್ಮವು ಗಿಟಾರಿನ ಒಂದು ಸಣ್ಣ ಕಷ್ಟದಲ್ಲಿ ಚೆನ್ನಾಗಿ ಕಾಣುತ್ತದೆ. ಜಿ, ಸಿ, ಡಿ, ಇ ಮೈನರ್ ಎಂಬ ನಾಲ್ಕು ಕಾರ್ಡುಗಳು, ಎಂದರೆ ಸ್ವರಗುಚ್ಛಗಳು, ಬಂದರೆ ಎಷ್ಟೋ ಸಿನಿಮಾ ಹಾಡುಗಳಿಗೆ ದಾರಿಯಾಗುತ್ತದೆ. ಆಮೇಲೆ ಎಫ್ ಎಂಬ ಕಾರ್ಡು ಅಡ್ಡ ನಿಲ್ಲುತ್ತದೆ. ತೋರುಬೆರಳನ್ನು ಮೊದಲ ಮೆಟ್ಟಿನಲ್ಲಿ ಆರು ತಂತಿಗಳ ಮೇಲೂ ಉದ್ದಕ್ಕೆ ಮಲಗಿಸಿ ಒತ್ತಬೇಕು. ಬೆರಳ ತುದಿಗೆ ಜಡ್ಡು ಕಟ್ಟಿದವನಿಗೂ ಬೆರಳ ಪಕ್ಕ ನೋಯುತ್ತದೆ. ಆರರಲ್ಲಿ ಎರಡು ತಂತಿ ಮೂಕವಾಗುತ್ತದೆ. ಸಿ ಇಂದ ಎಫ್‌ಗೆ ಹೋಗುವಷ್ಟರಲ್ಲಿ ಹಾಡು ನಿಲ್ಲುತ್ತದೆ. ಮನೆಯಲ್ಲಿ ಒಬ್ಬನೇ ಇರುವಾಗ ಹಾಡು ಬೆರಳಿಗಾಗಿ ಕಾಯುತ್ತದೆ. ಬೆರಳು ಬಂದು ಕುಳಿತ ಮೇಲೆ ಮುಂದೆ ಸಾಗುತ್ತದೆ. ಹೀಗೆ ಒಂದು ವರ್ಷ ಕಳೆದರೂ ತನ್ನ ಹಾಡಿನಲ್ಲಿ ಒಂದು ಬಿರುಕಿದೆಯೆಂಬುದು ಅವನ ಕಿವಿಗೆ ಬೀಳುವುದೇ ಇಲ್ಲ. ಡಗ್ಗಾ ನುಡಿಸುವವನು ಪಕ್ಕದಲ್ಲಿದ್ದರೆ ಅವನು ಕಾಯುವುದಿಲ್ಲ. ಆಗ ಎಡಗೈ ತಪ್ಪಿದರೂ ಬಲಗೈ ನಿಲ್ಲಬಾರದೆಂಬ ಒಂದೇ ಪಾಠವನ್ನು ಕಲಿಯಬೇಕಾಗುತ್ತದೆ. ಸಭಾಧೈರ್ಯವೆಂಬುದರ ಬಹುಭಾಗ ಈ ಪಾಠವೇ. ಏಕಾಂತಾಭ್ಯಾಸವು ಅದನ್ನು ಕಲಿಸದು, ದೊಡ್ಡ ವೇದಿಕೆಯು ಕಲಿಸುವಷ್ಟು ಸಮಾಧಾನವನ್ನು ತೋರದು.

ಪೇಟಿಗೆ ದೊರೆತ ಈ ಮನೆ ನಮ್ಮ ಭಾಗದಲ್ಲಿ ಗಿಟಾರಿಗೆ ದೊರೆಯಲಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಅದು ದೊರೆತಿದೆ: ಇಗರ್ಜಿಯ ಗಾಯನವೃಂದದಲ್ಲಿ ಬಾಲಕನು ಗಿಟಾರ್ ಹಿಡಿದು ಹತ್ತು ಕಂಠಗಳ ನಡುವೆ ಅಡಗಿ ಕುಳಿತು ಬೆಳೆಯುತ್ತಾನೆ, 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯು ತಿಂಗಳಿಗೊಮ್ಮೆ ವೇದಿಕೆಯನ್ನು ನಡೆಸುತ್ತ ಅವನ ಮುಂದಿನ ಮೆಟ್ಟಿಲನ್ನೂ ಕಟ್ಟಿಕೊಟ್ಟಿದೆ. ಕರಾವಳಿಯಲ್ಲಿ ಗಿಟಾರ್ ನುಡಿಸುವವರು ಹೆಚ್ಚೆಂಬುದಕ್ಕೆ ಜನರು ಸ್ವಭಾವವನ್ನೋ ರಕ್ತವನ್ನೋ ಕಾರಣವಾಗಿ ಹೇಳುವುದುಂಟು. ಈ ವ್ಯವಸ್ಥೆಯನ್ನು ಕಂಡವರಿಗೆ ಅಂಥ ಕಾರಣ ಬೇಕಾಗುವುದಿಲ್ಲ.

ಪರೀಕ್ಷೆ ಮತ್ತು ಮೊಬೈಲು

ಹಿಂದೂಸ್ತಾನೀ ಗಾಯಕ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಂದಿನಿಂದ ಪರೀಕ್ಷೆಯೂ ಪ್ರಮಾಣಪತ್ರವೂ ನಮ್ಮ ಸಂಗೀತದಲ್ಲಿ ನೆಲೆಯೂರಿವೆ. ಗಿಟಾರಿನವರು ಲಂಡನ್ನಿನ ಟ್ರಿನಿಟಿ ಕಾಲೇಜಿನ ದರ್ಜೆಗಳಿಗೆ ಕೂರುತ್ತಾರೆ. ಒಬ್ಬ ಪರೀಕ್ಷಕನ ಮುಂದೆ ನುಡಿಸುವುದು ನೂರು ಜನರ ಮುಂದೆ ನುಡಿಸುವುದಕ್ಕೆ ಸಿದ್ಧತೆಯೆಂದು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ, ಹೆಚ್ಚಿಲ್ಲ.

ಮೊಬೈಲಿನ ಪಾಠದ ವಿಷಯ ಬೇರೆ. ಕಾರಟಗಿಯಲ್ಲಿ ಗಿಟಾರಿನ ಗುರುವನ್ನು ಹುಡುಕುವುದು ಕಷ್ಟ. ಅಂಗೈಯ ಪರದೆಯಲ್ಲಿ ಸಾವಿರ ಗುರುಗಳಿದ್ದಾರೆ. ಒಂದೇ ಬೆರಳಿನ ಚಲನೆಯನ್ನು ಇಪ್ಪತ್ತು ಸಲ ತೋರಿಸೆಂದರೂ ಬೇಸರಪಡದ ಗುರು ಹಿಂದೆ ಯಾರಿಗೂ ಸಿಕ್ಕಿರಲಾರನು. ಅವನಿಗಿರುವ ಕೊರತೆ ಒಂದು: ಅವನು ತೋರಿಸುತ್ತಾನೆ, ಕೇಳಿಸಿಕೊಳ್ಳುವುದಿಲ್ಲ.

ಭಯದ ಶರೀರಶಾಸ್ತ್ರ

ಇನ್ನೊಂದು ಪಕ್ಷವು ಸಂಗೀತವನ್ನು ಬದಿಗಿಟ್ಟು ದೇಹದಿಂದ ಆರಂಭಿಸುತ್ತದೆ. ಅಂಗೈ ಬೆವರುವುದು, ಬಾಯಿ ಆರುವುದು, ಬೆರಳು ನಡುಗುವುದು ಇವೆಲ್ಲ ಅಪಾಯವನ್ನು ಕಂಡ ಪ್ರಾಣಿಯ ಲಕ್ಷಣಗಳು. ಗಿಟಾರಿನಂಥ ವಾದ್ಯದಲ್ಲಿ ನಡುಕವು ಮನಸ್ಸಿನಲ್ಲಿ ಉಳಿಯದೆ ನೇರವಾಗಿ ತಂತಿಗೆ ಇಳಿಯುತ್ತದೆ. ರಕ್ತದೊತ್ತಡದ ಚಿಕಿತ್ಸೆಗೆ ಬಳಸುವ ಜಾತಿಯ ಆಕ್ಸ್‌ಪ್ರಿನೊಲಾಲ್ ಎಂಬ ಔಷಧವನ್ನು ತಂತಿವಾದ್ಯದ ವಾದಕರಿಗೆ ಕೊಟ್ಟು ನೋಡಿದ ಪ್ರಯೋಗವೊಂದು 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನಡುಕ ಇಳಿದು ವಾದನವು ಸುಧಾರಿಸಿತು. ಉಬ್ಬಸವುಳ್ಳವರಿಗೆ ಈ ಜಾತಿಯ ಗುಳಿಗೆಗಳು ಅಪಾಯಕಾರಿಯಾದುದರಿಂದ ವೈದ್ಯರನ್ನು ಕೇಳದೆ ಯಾರೂ ಇದನ್ನು ಅನುಸರಿಸತಕ್ಕದ್ದಲ್ಲ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅಗ್ಗವಾದ ಉಪಾಯವೊಂದನ್ನು ಪರೀಕ್ಷಿಸಿದರು: ಅಪರಿಚಿತರ ಮುಂದೆ ಹಾಡುವ ಮುನ್ನ ‘ನನಗೆ ಭಯವಾಗುತ್ತಿದೆ’ ಎಂದುಕೊಂಡವರಿಗಿಂತ ‘ನನಗೆ ಹುರುಪಾಗಿದೆ’ ಎಂದುಕೊಂಡವರು, ಯಂತ್ರವು ಅಳೆದಂತೆ, ಹೆಚ್ಚು ಸರಿಯಾಗಿ ಹಾಡಿದರು. ಎದೆಯ ಬಡಿತ ಎರಡು ಸ್ಥಿತಿಗಳಲ್ಲಿಯೂ ಒಂದೇ ಬಗೆಯದು. ಅದಕ್ಕೆ ಇಡುವ ಹೆಸರು ಮಾತ್ರ ಬೇರೆ. ವೇಷ ಕಟ್ಟಿ ಚೌಕಿಯಲ್ಲಿ ಕುಳಿತ ಬಯಲಾಟದವರು ಹೊರಗೆ ಮದ್ದಲೆ ಬಿದ್ದ ಕೂಡಲೆ ಎದ್ದು ನಿಲ್ಲುವುದನ್ನು ನೋಡಿದವರಿಗೆ ಇದು ಅಷ್ಟೇನೂ ಹೊಸ ಸಂಗತಿಯಲ್ಲ.

ಸಭೆ ಬೇಡವೆಂಬ ವಾದ

ಕಡೆಯದಾಗಿ, ಇವರೆಲ್ಲರನ್ನೂ ನಿರಾಕರಿಸುವ ಒಂದು ವಾದವುಂಟು. ಸ್ವಾಂತಸುಖಕ್ಕಾಗಿ ಕಲಿತವನನ್ನು ಸಭೆಗೆ ಎಳೆಯುವುದೇ ತಪ್ಪು. ಸಭೆಯು ಸುಖವನ್ನು ಕೊಲ್ಲುತ್ತದೆ. 1973ರಲ್ಲಿ ಮನೋವಿಜ್ಞಾನಿ ಲೆಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದರಲ್ಲಿ ಸಹಜಾಸಕ್ತಿಯಿದ್ದ ಶಿಶುವಿಹಾರದ ಮಕ್ಕಳಿಗೆ ಬರೆದರೆ ಪ್ರಶಸ್ತಿಪತ್ರವನ್ನು ಕೊಡುವೆವೆಂದು ಮೊದಲೇ ಹೇಳಿ ಬರೆಸಿದಾಗ, ಆ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ನಮ್ಮ ಸಮಾರಂಭಗಳ ಶಾಲು, ಹಾರ, ನೆನಪಿನ ಕಾಣಿಕೆಗಳನ್ನು ನೆನೆದಾಗ ಈ ಪ್ರಯೋಗವು ಬೇಡವೆಂದರೂ ಮನಸ್ಸಿಗೆ ಬರುತ್ತದೆ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ, ಕೀರ್ತಿಯ ಶಿಖರದಲ್ಲಿದ್ದಾಗಲೇ, ಸಭೆಯನ್ನು ಬಿಟ್ಟು ಧ್ವನಿಮುದ್ರಣದ ಕೋಣೆಯನ್ನು ಆರಿಸಿಕೊಂಡನು. ನಮ್ಮವರೇ ಆದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಪಿಯಾನೊವನ್ನು ಗಂಭೀರವಾಗಿ ಅಭ್ಯಾಸಮಾಡಿದವರು. ಅವರ ರಸಿಕತೆಗೆ ಟಿಕೆಟ್ಟು ಕೊಂಡು ಬಂದ ಸಭಿಕರ ಅವಶ್ಯಕತೆ ಬೀಳಲಿಲ್ಲ. ಆದರೆ ಅರಮನೆಯ ಏಕಾಂತ ಒಂದು, ಎರಡು ಕೋಣೆಯ ಮನೆಯ ಏಕಾಂತ ಇನ್ನೊಂದು. ಪಕ್ಕದ ಕೋಣೆಯಲ್ಲಿ ಮಲಗಿದವರು, ಗೋಡೆಯಾಚೆಯ ನೆರೆಯವರು, ಹೊರಗಿನ ಓಣಿಯ ಮಕ್ಕಳು ಇವರೆಲ್ಲ ಕೇಳುತ್ತಿರುವಾಗ ಸಾಮಾನ್ಯ ಮನುಷ್ಯನು ನುಡಿಸುವುದೆಲ್ಲ ಒಂದು ಬಗೆಯ ಸಭೆಯೇ.

ಇತ್ಯರ್ಥವಾಗದೆ ಉಳಿದದ್ದು

ಮೇಲೆ ಹೇಳಿದ ಸಂಶೋಧನೆಗಳಲ್ಲಿ ವಾದಕರನ್ನು ಕುರಿತವು ಬಹುಪಾಲು ವೃತ್ತಿಗಾಗಿ ತರಬೇತಾಗುತ್ತಿದ್ದವರ ಮೇಲೆ, ದೂರದ ನಗರಗಳಲ್ಲಿ ನಡೆದವು. ರಾತ್ರಿಯೂಟವಾದ ಮೇಲೆ ಅರ್ಧ ಗಂಟೆ ನುಡಿಸುವವನಿಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆಂಬುದನ್ನು ಅವುಗಳಿಂದ ತಿಳಿಯಲಾಗದು. ಕಲಿತ ಹಾಡನ್ನು ಮೊಬೈಲಿನಲ್ಲಿ ಚಿತ್ರಿಸಿ ನೆಂಟರಿಗೆಲ್ಲ ಕಳುಹಿಸುವವನು ಸಭೆಯನ್ನು ಎದುರಿಸಿದನೆನ್ನಬೇಕೋ, ತಪ್ಪಿದ್ದನ್ನು ಅಳಿಸಿ ಮತ್ತೆ ನುಡಿಸುವ ಅವಕಾಶವಿರುವುದರಿಂದ ಸಭೆಯಿಂದ ತಪ್ಪಿಸಿಕೊಂಡನೆನ್ನಬೇಕೋ ಎಂಬುದರಲ್ಲಿಯೂ ಏಕಾಭಿಪ್ರಾಯವಿಲ್ಲ. ಭಜನೆಯ ಮನೆಯನ್ನು ನಾನು ಹೊಗಳಿದ್ದೇನೆ. ಗುಡಿಯ ಆ ರಾತ್ರಿಯ ದುಂಡಿನಲ್ಲಿ ಕಾಲೇಜಿನ ಹುಡುಗಿಗೆ ಜಾಗವೆಲ್ಲಿ ಎಂದು ಕೇಳಿದರೆ, ಮಹಿಳಾ ಭಜನಾ ಮಂಡಳಿಗಳನ್ನು ತೋರಿಸಬಹುದಾದರೂ ಅದು ಪೂರ್ಣ ಉತ್ತರವಾಗದು, ಮತ್ತು ಮೇಲಿನ ಯಾವ ಪಕ್ಷವೂ ಈ ಪ್ರಶ್ನೆಯನ್ನು ಕೇಳಿಕೊಂಡಂತೆ ಕಾಣುವುದಿಲ್ಲ.

ಎಲ್ಲಕ್ಕಿಂತ ತೊಡಕಾದದ್ದು ಗಿಟಾರು ಭಜನೆಯಲ್ಲಿ ಕೂಡೀತೇ ಎಂಬುದು. ಶ್ರುತಿಯ ಮಾತು ಸುಲಭ: ಹಾಡುವವರು ಪೇಟಿಯ ಕರಿ ಒಂದರಲ್ಲಿ ಎತ್ತಿಕೊಂಡರೆ ಕತ್ತಿಗೆ ಕೇಪೋ ಎಂಬ ಹಿಡಿಕೆಯನ್ನು ತೊಡಿಸಿ ಅಲ್ಲಿಗೆ ಹೊಂದಿಸಿಕೊಳ್ಳಬಹುದು. ಆದರೆ ಗಿಟಾರಿನ ಮೆಟ್ಟಿನ ಗಾಂಧಾರವು ಸ್ವರಾಂತರದ ಅಳತೆಯಾದ ಸೆಂಟಿನ ಲೆಕ್ಕದಲ್ಲಿ ಷಡ್ಜದಿಂದ 400 ಸೆಂಟು ಎತ್ತರದಲ್ಲಿದ್ದರೆ, ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವು 386ರಲ್ಲಿದೆ. ಈ ದೋಷವು ಪೇಟಿಗೂ ಉಂಟು. ಆಕಾಶವಾಣಿಯು 1940ರಲ್ಲಿ ಪೇಟಿಯನ್ನು ಹೊರಗಿಟ್ಟಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು, 1971ರಲ್ಲಿ ಆ ನಿರ್ಬಂಧವು ಸಡಿಲವಾದಾಗಲೂ ದೋಷವೇನೂ ಹೋಗಿರಲಿಲ್ಲ. ಪೇಟಿಯು ಹಾಡಿನ ಬೆನ್ನು ಹತ್ತಿ ಒಂದೊಂದೇ ಸ್ವರವಾಗಿ ನಡೆಯುವುದರಿಂದ ಕಿವಿ ಅದನ್ನು ಕ್ಷಮಿಸಿತೆಂದು ಕೆಲವರೆನ್ನುತ್ತಾರೆ. ಗಿಟಾರಿನ ಕಾರ್ಡು ಮೂರು ಸ್ವರಗಳನ್ನು ಒಟ್ಟಿಗೆ ಹಾಕಿ, ರಾಗದಲ್ಲಿಲ್ಲದ ಸ್ವರವನ್ನು ಕೆಲವು ಸಲ ಒಳಗೆ ಕರೆತರುತ್ತದೆ. ಷರೀಫರ ಪದಗಳಿಗೆ ಈ ಜೋಡಣೆಯು ಒಗ್ಗಿತೆಂದು ಕೇಳುಗರು ಒಪ್ಪಿದ್ದಾರೆ. ಶುದ್ಧವಾದ ಭೈರವಿಯಲ್ಲೋ ತೋಡಿಯಲ್ಲೋ ಕುಳಿತ ದಾಸರ ಪದಕ್ಕೆ ಒಗ್ಗೀತೇ, ಇಲ್ಲವೇ ಅಲ್ಲಿ ಗಿಟಾರಿನವನು ಕಾರ್ಡನ್ನು ಬಿಟ್ಟು ಸಾ ಪಾ ಎರಡೇ ತಂತಿಗಳನ್ನು ಮೀಟುತ್ತ ತಂಬೂರಿಯ ಕೆಲಸಕ್ಕೆ ನಿಲ್ಲಬೇಕೇ ಎಂಬುದನ್ನು ಗುಡಿಯಲ್ಲಿ ಕುಳಿತು ನುಡಿಸಿ ನೋಡಿದವರು ಇನ್ನೂ ಸಾಕಷ್ಟು ಮಂದಿ ಆಗಿಲ್ಲ.